ಬಳಸದೆ ಇಟ್ಟ ಬ್ಯಾಟರಿ ಬರಿದಾಗುವುದೇಕೆ?

ಅಣ್ಣನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳೆ ಕರೆಂಟು ಕೈಕೊಟ್ಟರೆ ಇರಲಿ ಎಂದು ಅಪ್ಪ ಒಂದು ಎಮರ್ಜೆನ್ಸಿ ಲ್ಯಾಂಪು ತಂದರು. ಪರೀಕ್ಷೆ ಮುಗಿಯಿತು. ದೀಪವನ್ನು ಒರೆಸಿ, ಪೆಟ್ಟಿಗೆಯೊಳಗಿಟ್ಟು, ಪ್ಲಾಸ್ಟಿಕ್ ಚೀಲ ಸುತ್ತಿ ಬೀರುವಿನ ಮೇಲೆ ಜೋಪಾನವಾಗಿ ಇಟ್ಟರು. ಮುಂದಿನ ಫೆಬ್ರುವರಿಯವರೆಗೆ ಅದನ್ನು ಯಾರೂ ಮುಟ್ಟಲಿಲ್ಲ. ತಂಗಿಯ ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ರಾತ್ರಿ ಬೀದಿಯ ಟ್ರಾನ್ಸ್‌ಫಾರ್ಮರು ಕೆಟ್ಟಿತು. ಲ್ಯಾಂಪನ್ನು ಇಳಿಸಿ ಗುಂಡಿ ಒತ್ತಿದರೆ ಮಿಣುಕು ಕೂಡ ಇಲ್ಲ. ಕೊನೆಗೆ ಅಜ್ಜಿ ಅಟ್ಟದ ಮೂಲೆಯಿಂದ ಲಾಟೀನು ತಂದು, ಯಾವ ಕಾಲದ್ದೋ ಬಾಟಲಿಯ ತಳದಲ್ಲಿ ಉಳಿದಿದ್ದ ಸೀಮೆಎಣ್ಣೆ ಸುರಿದು ಬತ್ತಿ ಹಚ್ಚಿದರು. ಹುಡುಗಿ ಓದಿದ್ದು ಆ ಬೆಳಕಿನಲ್ಲಿ.

ಕರೆಂಟು ಬಂದ ಮೇಲೆ ಲ್ಯಾಂಪನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿದರು. ಹತ್ತು ನಿಮಿಷ ಉರಿದು ಮತ್ತೆ ಆರಿತು. 'ಬ್ಯಾಟರಿ ಹೋಗಿದೆ' ಎಂದ ಅಂಗಡಿಯವನು. 'ಬಳಸಿಯೇ ಇಲ್ಲವಲ್ಲಪ್ಪ, ಹೋಗುವುದು ಹೇಗೆ?' ಎಂದರು ಅಜ್ಜಿ.

ಈ ಪ್ರಶ್ನೆ ಅಜ್ಜಿಯೊಬ್ಬರದೇ ಅಲ್ಲ. ಮಳೆಗಾಲ ಮುಗಿದ ಮೇಲೆ ಒಳಗಿಟ್ಟ ಸೊಳ್ಳೆ ಬ್ಯಾಟು ಮರುವರ್ಷ ಕೆಲಸ ಮಾಡುವುದಿಲ್ಲ. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ಮನೆಯ ಮುಂದೆ ನಿಂತ ಎಷ್ಟೋ ಕಾರು, ಸ್ಕೂಟರುಗಳು ತಿಂಗಳುಗಳ ನಂತರ ಕೀಲಿ ತಿರುಗಿಸಿದರೆ ಸದ್ದೇ ಮಾಡಲಿಲ್ಲ. ಲಾಟೀನಿನ ಎಣ್ಣೆ ವರ್ಷಗಟ್ಟಲೆ ಕಾಯುತ್ತದೆ, ಬ್ಯಾಟರಿಯೇಕೆ ಕಾಯುವುದಿಲ್ಲ?

ಬ್ಯಾಟರಿ ಎಂದರೆ ಕೊಡವಲ್ಲ

ಬ್ಯಾಟರಿಯೊಳಗೆ ವಿದ್ಯುತ್ತನ್ನು ಕೊಡದಲ್ಲಿ ನೀರು ತುಂಬಿದಂತೆ ತುಂಬಿಡಲಾಗಿದೆ ಎಂಬುದು ಸಾಮಾನ್ಯ ತಿಳಿವಳಿಕೆ. ಹಾಗಿದ್ದರೆ ಕೊಡ ತೂತಾಗದೆ ನೀರು ಸೋರುವುದಿಲ್ಲ ಎಂಬ ವಾದವೂ ಸರಿಯೇ. ಆದರೆ ಬ್ಯಾಟರಿಯಲ್ಲಿ ಇರುವುದು ವಿದ್ಯುತ್ತಲ್ಲ, ಎರಡು ರಾಸಾಯನಿಕ ವಸ್ತುಗಳು. ಋಣ ಫಲಕದ ವಸ್ತುವಿಗೆ ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಆತುರ. ಧನ ಫಲಕದ ವಸ್ತುವಿಗೆ ಅವನ್ನು ಪಡೆಯುವ ಆತುರ. ಇವೆರಡರ ನಡುವೆ ವಿದ್ಯುದ್ವಿಭಾಜ್ಯ ಎಂಬ ದ್ರಾವಣವಿದೆ. ಅದು ಅಯಾನುಗಳನ್ನು ಹಾಯಲು ಬಿಡುತ್ತದೆ, ಇಲೆಕ್ಟ್ರಾನುಗಳನ್ನು ಬಿಡುವುದಿಲ್ಲ.

ಇದನ್ನು ಒಂದು ಹೊಳೆಗೆ ಹೋಲಿಸಬಹುದು. ಈ ದಡದಲ್ಲಿ ಋಣ ಫಲಕ, ಆ ದಡದಲ್ಲಿ ಧನ ಫಲಕ, ನಡುವೆ ಹರಿಯುವ ದ್ರಾವಣ. ಇಲೆಕ್ಟ್ರಾನುಗಳು ದಾಟಲು ಇರುವುದು ಒಂದೇ ಸೇತುವೆ, ಅದೇ ಹೊರಗಿನ ತಂತಿ. ಸೇತುವೆಯ ಮೇಲೆ ಸುಂಕದ ಕಟ್ಟೆ ಇದೆ. ಬಲ್ಬು ಬೆಳಗುವುದು, ಮೋಟಾರು ತಿರುಗುವುದು ಎಲ್ಲವೂ ಅಲ್ಲಿ ಸಂದಾಯವಾಗುವ ಸುಂಕ. ಸ್ವಿಚ್ಚು ಆರಿಸಿದರೆ ಸೇತುವೆ ಮುಚ್ಚಿತು. ಆದರೆ ಎರಡೂ ದಡದ ಆತುರ ಅದರಿಂದ ಕಡಿಮೆಯಾಗುವುದಿಲ್ಲ. ಸುಂಕ ತಪ್ಪಿಸಿ ದಾಟಲು ಒಂದು ಕಳ್ಳದಾರಿ ಸಿಕ್ಕರೆ ಸಾಕು, ಇಲೆಕ್ಟ್ರಾನುಗಳು ಒಂದೊಂದಾಗಿ ಅತ್ತ ಸರಿಯುತ್ತವೆ. ಈ ಸದ್ದಿಲ್ಲದ ಸೋರಿಕೆಗೆ ಸ್ವಯಂ ವಿಸರ್ಜನೆ ಎಂದು ಹೆಸರು.

ಅಜ್ಜಿಯ ಸೀಮೆಎಣ್ಣೆಗೂ ಗಾಳಿಯ ಆಮ್ಲಜನಕದೊಡನೆ ಕೂಡಿ ಶಕ್ತಿ ಬಿಡುಗಡೆ ಮಾಡುವ ಗುಣವಿದೆ. ಆದರೆ ಬೆಂಕಿ ತಾಗಿಸುವವರೆಗೆ ಆ ಕ್ರಿಯೆ ಆರಂಭವಾಗುವುದೇ ಇಲ್ಲ. ಬ್ಯಾಟರಿಗೆ ಕಡ್ಡಿ ಗೀರಬೇಕಾಗಿಲ್ಲ, ಗುಂಡಿ ಒತ್ತಿದ ಕ್ಷಣವೇ ಅದು ಕೆಲಸಕ್ಕೆ ಸಿದ್ಧ. ಸದಾ ಸಿದ್ಧವಾಗಿರುವ ಈ ಗುಣಕ್ಕೆ ತೆರಬೇಕಾದ ಬೆಲೆಯೇ ಸುಮ್ಮನೆ ಕುಳಿತಾಗಿನ ಸವೆತ. ಈ ವಿಷಯದಲ್ಲಿ ಅದು ಬಾಟಲಿಯ ಎಣ್ಣೆಗಿಂತ ಗಡಿಗೆಯ ಮೊಸರಿಗೆ ಹತ್ತಿರ. ಮುಚ್ಚಿಟ್ಟರೂ ಒಳಗಿನ ಕೆಲಸ ನಿಲ್ಲುವುದಿಲ್ಲ.

ಸೀಸದ ಸೋಮಾರಿತನ

ಕಾರು, ಮನೆಯ ಇನ್ವರ್ಟರುಗಳಲ್ಲಿ ಹೆಚ್ಚಾಗಿ ಇರುವುದು ಸೀಸ-ಆಮ್ಲ ಬ್ಯಾಟರಿ. ಅನೇಕ ಎಮರ್ಜೆನ್ಸಿ ಲ್ಯಾಂಪು, ಸೊಳ್ಳೆ ಬ್ಯಾಟುಗಳಲ್ಲಿ ಇರುವುದೂ ಇದರದೇ ಮರಿ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಇದು ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಮೊದಲ ಬ್ಯಾಟರಿ. ಋಣ ಫಲಕ ಸ್ಪಂಜಿನಂಥ ಸೀಸ, ಧನ ಫಲಕ ಸೀಸದ ಡೈಆಕ್ಸೈಡ್, ನಡುವೆ ನೀರು ಬೆರೆಸಿದ ಗಂಧಕಾಮ್ಲ.

ಇದರಲ್ಲೊಂದು ಸೋಜಿಗವಿದೆ. ನೀರನ್ನು ಜಲಜನಕ ಮತ್ತು ಆಮ್ಲಜನಕವಾಗಿ ಒಡೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು. ಸೀಸದ ಒಂದೊಂದು ಕೋಶದ ವೋಲ್ಟೇಜು 2ಕ್ಕೂ ತುಸು ಹೆಚ್ಚು. ಅಂದರೆ ಈ ಬ್ಯಾಟರಿ ತನ್ನೊಳಗಿನ ನೀರನ್ನು ತಾನೇ ಒಡೆದು ಬಹುಬೇಗ ಬರಿದಾಗಬೇಕಿತ್ತು. ಹಾಗಾಗದಿರಲು ಕಾರಣ ಸೀಸದ ಸೋಮಾರಿತನ. ಅದರ ಮೈಮೇಲೆ ಜಲಜನಕದ ಗುಳ್ಳೆ ಹುಟ್ಟುವುದು ಬಹಳ ನಿಧಾನ. ನಿಧಾನವೇ ಹೊರತು ನಿಂತಿಲ್ಲ. ಋಣ ಫಲಕದ ಸೀಸ ಆಮ್ಲದೊಡನೆ ವರ್ತಿಸಿ ಸೀಸದ ಸಲ್ಫೇಟ್ ಆಗುತ್ತಲೇ ಇರುತ್ತದೆ, ಜಲಜನಕ ಹೊರಬೀಳುತ್ತಲೇ ಇರುತ್ತದೆ.

ಈ ಸೋಮಾರಿತನವನ್ನು ಕೆಡಿಸುವ ವಸ್ತುಗಳೂ ಇವೆ. ಸೀಸ ಮೆತುವಾದ ಲೋಹ. ಫಲಕದ ಚೌಕಟ್ಟು ಗಟ್ಟಿಯಾಗಲೆಂದು ಅದಕ್ಕೆ ಆಂಟಿಮನಿ ಬೆರೆಸುವ ಪದ್ಧತಿ ಇತ್ತು. ಧನ ಫಲಕದಿಂದ ಕರಗಿದ ಆಂಟಿಮನಿ ಋಣ ಫಲಕಕ್ಕೆ ಸೇರಿ, ಅಲ್ಲಿ ಜಲಜನಕ ಸಲೀಸಾಗಿ ಹುಟ್ಟಲು ನೆಲೆಯಾಗುತ್ತದೆ. ಆಂಟಿಮನಿಯ ಬದಲು ಕ್ಯಾಲ್ಸಿಯಂ ಬೆರೆಸಿದ ಮೇಲೆ ಸೋರಿಕೆ ಬಹಳ ಇಳಿಯಿತು. ಇಂದಿನ ಮುಚ್ಚಿದ ಬ್ಯಾಟರಿಗಳು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತಿಂಗಳಿಗೆ ಶೇಕಡ 3ರಿಂದ 5ರಷ್ಟು ಮಾತ್ರ ಕಳೆದುಕೊಳ್ಳುತ್ತವೆ.

ಇನ್ವರ್ಟರಿನ ಬ್ಯಾಟರಿಗೆ ನಲ್ಲಿಯ ನೀರು ಹಾಕಬಾರದು, ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು ಎಂದು ಮೆಕ್ಯಾನಿಕ್ ಎಚ್ಚರಿಸುವುದಕ್ಕೂ ಇಲ್ಲೇ ಒಂದು ಕಾರಣ ಸಿಗುತ್ತದೆ. ನಲ್ಲಿ, ಬಾವಿ, ಕೊಳವೆ ಬಾವಿಗಳ ನೀರಿನಲ್ಲಿ ತುಸು ಕಬ್ಬಿಣ ಕರಗಿರಬಹುದು. ಕಬ್ಬಿಣದ ಅಯಾನು ಋಣ ಫಲಕಕ್ಕೆ ಹೋಗಿ ಒಂದು ಇಲೆಕ್ಟ್ರಾನನ್ನು ಹತ್ತಿಸಿಕೊಳ್ಳುತ್ತದೆ. ದ್ರಾವಣದಲ್ಲಿ ತೇಲಿ ಧನ ಫಲಕ ತಲುಪಿ ಅದನ್ನು ಇಳಿಸುತ್ತದೆ. ಬರಿಗೈಯಲ್ಲಿ ಮರಳಿ ಇನ್ನೊಂದನ್ನು ಹತ್ತಿಸಿಕೊಳ್ಳುತ್ತದೆ. ಸುಂಕದ ಸೇತುವೆಯ ಕೆಳಗೆ ಹಗಲಿರುಳು ದೋಣಿ ಹಾಕುವ ಅಂಬಿಗನಂತೆ ಅದರ ಕೆಲಸ. ಈ ಓಡಾಟದಲ್ಲಿ ಕಬ್ಬಿಣ ಖರ್ಚಾಗುವುದಿಲ್ಲ. ಆದ್ದರಿಂದ ಒಂದು ಸಲ ಸೇರಿದ ಚಿಟಿಕೆ ಕಲ್ಮಶ ವರ್ಷಗಟ್ಟಲೆ ಚಾರ್ಜನ್ನು ಕದಿಯಬಲ್ಲದು.

ನಿಕಲ್ ಕೋಶದ ಅಂಬಿಗ

ಟಾರ್ಚು, ಆಟಿಕೆಗಳಿಗೆ ಹಾಕುವ ಚಾರ್ಜಬಲ್ ಪೆನ್ಸಿಲ್ ಸೆಲ್ಲುಗಳದು ಬೇರೆ ವಂಶ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕಲ್-ಕ್ಯಾಡ್ಮಿಯಂ ಕೋಶವನ್ನು ರೂಪಿಸಿದ. ವಿಷಕಾರಿ ಕ್ಯಾಡ್ಮಿಯಂ ಬದಲು ಜಲಜನಕವನ್ನು ಹೀರಿಟ್ಟುಕೊಳ್ಳುವ ಮಿಶ್ರಲೋಹ ಬಳಸಿದ ನಿಕಲ್-ಲೋಹ ಹೈಡ್ರೈಡ್ ಕೋಶ 1990ರ ಸುಮಾರಿಗೆ ಮಾರುಕಟ್ಟೆಗೆ ಬಂತು. ಅದೇ ಗಾತ್ರದಲ್ಲಿ ಹೆಚ್ಚು ಶಕ್ತಿ ಕೊಡುತ್ತಿದ್ದ ಇದಕ್ಕೆ ಅಂಟಿದ ಅಪಕೀರ್ತಿ ಸೋರಿಕೆಯದು. ಚಾರ್ಜರಿನಿಂದ ತೆಗೆದ ಮೊದಲ ದಿನವೇ ಶೇಕಡ 10ರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೋಗುತ್ತಿತ್ತು. ಆಮೇಲೆ ತಿಂಗಳಿಗೆ ಶೇಕಡ 20ರಿಂದ 30. ಮದುವೆಗೆಂದು ಒಂದು ತಿಂಗಳು ಮೊದಲೇ ಸೆಲ್ಲು ಚಾರ್ಜು ಮಾಡಿಟ್ಟು, ಮುಹೂರ್ತದ ಹೊತ್ತಿಗೆ ಕ್ಯಾಮರಾ ಮುಷ್ಕರ ಹೂಡಿದ್ದನ್ನು ಕಂಡ ಪಾಲಕರು ಇರಬಹುದು.

ಇದಕ್ಕೆ ಕಾರಣಗಳು ಹಲವು. ಪೂರ್ಣ ಚಾರ್ಜಾದ ನಿಕಲ್ ಫಲಕ ಅಸ್ಥಿರ. ಅದು ಮೆಲ್ಲಗೆ ಆಮ್ಲಜನಕ ಬಿಡುತ್ತ ಕೆಳಗಿಳಿಯುತ್ತದೆ. ಮಿಶ್ರಲೋಹ ಹೀರಿಟ್ಟ ಜಲಜನಕವೂ ತುಸುತುಸುವಾಗಿ ಹೊರಬಂದು ಧನ ಫಲಕವನ್ನು ಮುಟ್ಟುತ್ತದೆ. ಇವುಗಳ ಜೊತೆಗೆ ಇಲ್ಲಿಯೂ ಒಬ್ಬ ಅಂಬಿಗ ಪತ್ತೆಯಾದ. ಎರಡು ಫಲಕಗಳು ಒಂದಕ್ಕೊಂದು ತಾಗದಂತೆ ನಡುವೆ ಒಂದು ಪೊರೆ ಇಡುತ್ತಾರೆ. ಮೊದಮೊದಲು ಅದನ್ನು ನೈಲಾನ್ ಜಾತಿಯ ಎಳೆಗಳಿಂದ ಮಾಡುತ್ತಿದ್ದರು. ನೈಲಾನಿನಲ್ಲಿ ಸಾರಜನಕ ಇದೆ. ಕೋಶದ ಪ್ರಬಲ ಕ್ಷಾರದಲ್ಲಿ ನೆನೆದ ಪೊರೆ ನಿಧಾನವಾಗಿ ಸವೆದಾಗ ಸಾರಜನಕದ ಸಂಯುಕ್ತಗಳು ದ್ರಾವಣಕ್ಕೆ ಇಳಿಯುತ್ತವೆ. ಋಣ ಫಲಕದಲ್ಲಿ ಅಮೋನಿಯ, ಧನ ಫಲಕದಲ್ಲಿ ನೈಟ್ರೈಟ್, ಹೀಗೆ ವೇಷ ಬದಲಿಸುತ್ತ ಅವು ಇಲೆಕ್ಟ್ರಾನುಗಳನ್ನು ಸಾಗಿಸುತ್ತವೆ. ಕಾವಲಿಗೆ ಇಟ್ಟ ಬೇಲಿಯೇ ಹೊಲ ಮೇಯ್ದ ಕಥೆ.

ಕಾರಣ ತಿಳಿದದ್ದರಿಂದ ಪರಿಹಾರವೂ ದೊರೆಯಿತು. ಪೊರೆಯನ್ನು ಸಾರಜನಕವಿಲ್ಲದ ಪಾಲಿಪ್ರೊಪಿಲೀನಿನಿಂದ ಮಾಡಿ, ಫಲಕಗಳನ್ನೂ ಸುಧಾರಿಸಿ 2005ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ಹೊಸ ಬಗೆಯ ಕೋಶವನ್ನು ಬಿಡುಗಡೆ ಮಾಡಿತು. ವರ್ಷ ಕಳೆದರೂ ಶೇಕಡ 85ರಷ್ಟು ಚಾರ್ಜು ಉಳಿಯುತ್ತದೆಂದು ಕಂಪನಿ ಹೇಳಿಕೊಂಡಿತು. ಕಾರ್ಖಾನೆಯಲ್ಲೇ ಚಾರ್ಜು ಮಾಡಿ ಮಾರುವ ಇಂಥ ಸೆಲ್ಲುಗಳನ್ನು ಇಂದು ಹಲವು ಕಂಪನಿಗಳು ತಯಾರಿಸುತ್ತವೆ.

ಕೆಂಪಾದ ದ್ರಾವಣ

ಮೊಬೈಲು, ಲ್ಯಾಪ್‌ಟಾಪುಗಳಲ್ಲಿರುವುದು 1991ರಲ್ಲಿ ಸೋನಿ ಕಂಪನಿ ಮೊದಲು ಮಾರಾಟಕ್ಕೆ ತಂದ ಲಿಥಿಯಂ-ಅಯಾನು ಬ್ಯಾಟರಿ. ಇದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡೆನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಈ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಇದರ ಸೋರಿಕೆ ಕಡಿಮೆ, ತಿಂಗಳಿಗೆ ಸುಮಾರು ಶೇಕಡ 2-3. ಬ್ಯಾಟರಿಯ ಜೊತೆಗಿರುವ ರಕ್ಷಣಾ ಮಂಡಲ ತಾನೂ ಒಂದಷ್ಟು ಕುಡಿಯುತ್ತದೆ.

ಲಿಥಿಯಂ ತುಂಬಿದ ಇಂಗಾಲದ ಋಣ ಫಲಕ ಎಷ್ಟು ಪಟುವೆಂದರೆ ತನ್ನನ್ನು ಮುಟ್ಟಿದ ದ್ರಾವಣವನ್ನೇ ಒಡೆಯುತ್ತದೆ. ಆದರೆ ಒಡೆದ ಚೂರುಗಳು ಅದರ ಮೇಲೆಯೇ, ಕಾದ ಹಾಲಿನ ಮೇಲೆ ಕೆನೆ ಕಟ್ಟುವಂತೆ, ಅತಿ ತೆಳುವಾದ ಪದರವಾಗಿ ಕೂರುತ್ತವೆ. ಆ ಪದರ ಮುಂದಿನ ಕ್ರಿಯೆಯನ್ನು ತಡೆಯುತ್ತದೆ. ತಡೆ ಪೂರ್ಣವಲ್ಲ. ಪದರ ವರ್ಷವರ್ಷವೂ ತುಸು ದಪ್ಪವಾಗುತ್ತದೆ. ಅದಕ್ಕೆ ಸಂದ ಲಿಥಿಯಂ ಮರಳಿ ಬರುವುದಿಲ್ಲ.

ಇಷ್ಟರಿಂದಲೂ ವಿವರಿಸಲಾಗದ ಸೋರಿಕೆ ಕೆಲವು ಕೋಶಗಳಲ್ಲಿ ಇತ್ತು. ಕೆನಡಾದ ಡಲ್ಹೌಸಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೆಟ್ಜ್‌ಗರ್ ಮತ್ತು ಸಂಗಡಿಗರು ಅಂಥ ಕೋಶಗಳನ್ನು ಬಿಸಿಯಲ್ಲಿ ಇರಿಸಿ, ಬಿಚ್ಚಿ ನೋಡಿದರು. ಬಣ್ಣವಿಲ್ಲದೆ ಇರಬೇಕಾಗಿದ್ದ ದ್ರಾವಣ ಕೆಂಪಗಾಗಿತ್ತು. ಅದನ್ನು ವಿಶ್ಲೇಷಿಸಿದಾಗ ಅಲ್ಲಿ ಇರಬಾರದ ಡೈಮೀಥೈಲ್ ಟೆರೆಫ್ತಾಲೇಟ್ ಎಂಬ ಅಣು ಸಿಕ್ಕಿತು. ಎಲ್ಲಿಂದ ಬಂತೆಂದು ಹುಡುಕಿದರೆ ಮೂಲ ಒಂದು ಅಂಟುಪಟ್ಟಿ! ಕೋಶದ ಸುರುಳಿ ಬಿಚ್ಚದಂತೆ ಅಂಟಿಸುವ ಆ ಪಟ್ಟಿಯನ್ನು ನೀರಿನ ಬಾಟಲಿ ಮಾಡುವ ಪೆಟ್ ಪ್ಲಾಸ್ಟಿಕ್ಕಿನಿಂದಲೇ ಮಾಡಿರುತ್ತಾರೆ. ಅದು ಕೋಶದೊಳಗೆ ಕರಗಿ ಹುಟ್ಟಿದ ಅಣು ಎರಡು ಫಲಕಗಳ ನಡುವೆ ಓಡಾಡುತ್ತಿತ್ತು. ಈ ಸಂಗತಿಯನ್ನು ವಿಶ್ವವಿದ್ಯಾಲಯ 2023ರ ಆರಂಭದಲ್ಲಿ ತಿಳಿಸಿತು. ಇಲ್ಲಿಯೂ ಪರಿಹಾರ ಪಾಲಿಪ್ರೊಪಿಲೀನ್ ಪಟ್ಟಿಯೇ.

ಸೀಸದಲ್ಲಿ ಕಬ್ಬಿಣ, ನಿಕಲ್‌ನಲ್ಲಿ ಸಾರಜನಕ, ಲಿಥಿಯಂನಲ್ಲಿ ಅಂಟುಪಟ್ಟಿಯ ಅಣು. ಬ್ಯಾಟರಿಗಳು ಬೇರೆ ಬೇರೆಯಾದರೂ ಅಂಬಿಗನ ಕಸುಬು ಒಂದೇ.

ಬಿಸಿಲಿನ ಲೆಕ್ಕ

ಮೊಸರು ಬೇಸಿಗೆಯಲ್ಲಿ ಬೇಗ ಹುಳಿಯಾಗುತ್ತದೆ. ಬ್ಯಾಟರಿಯ ಸೋರಿಕೆಯೂ ಶಾಖ ಹೆಚ್ಚಿದಂತೆ ಚುರುಕಾಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲ ನಿಯಮ. 25 ಡಿಗ್ರಿಯಲ್ಲಿ ತಿಂಗಳಿಗೆ ಶೇಕಡ 5 ಕಳೆದುಕೊಳ್ಳುವ ಬ್ಯಾಟರಿ 35 ಡಿಗ್ರಿಯಲ್ಲಿ ಶೇಕಡ 10, 45 ಡಿಗ್ರಿಯಲ್ಲಿ ಶೇಕಡ 20 ಕಳೆದುಕೊಂಡೀತು. ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ತಗಡಿನ ಸೂರಿನ ಕೆಳಗೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಇನ್ನೂ ಹೆಚ್ಚು. ಮಡಿಕೇರಿಯಲ್ಲಿ ತಿಂಗಳುಗಟ್ಟಲೆ ಬಾಳುವ ಚಾರ್ಜು ಅಲ್ಲಿ ವಾರಗಳಲ್ಲಿ ಇಳಿದರೆ ಬ್ಯಾಟರಿಯನ್ನು ದೂರುವಂತಿಲ್ಲ.

ಮರಳಿ ಬಾರದ ನಷ್ಟ

ಸೋರಿದ್ದನ್ನು ಮತ್ತೆ ತುಂಬಿದರಾಯಿತಲ್ಲ ಎಂದು ಕೇಳಬಹುದು. ನಿಕಲ್ ಕೋಶದ ಮಟ್ಟಿಗೆ ಅದು ಬಹುಪಾಲು ಸರಿ. ಆದರೆ ಆ ಹುಡುಗಿಯ ಮನೆಯ ಲ್ಯಾಂಪು ರಾತ್ರಿಯಿಡೀ ಚಾರ್ಜಾದರೂ ಹತ್ತೇ ನಿಮಿಷ ಉರಿಯಿತು. ಅಲ್ಲಿ ಆದದ್ದು ಸೋರಿಕೆಗಿಂತ ದೊಡ್ಡ ಹಾನಿ.

ಸೀಸದ ಬ್ಯಾಟರಿ ಬರಿದಾಗುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ನವಿರಾದ ಹರಳುಗಳಾಗಿ ಕೂರುತ್ತದೆ. ಕೂಡಲೇ ಚಾರ್ಜು ಮಾಡಿದರೆ ಅವು ಕರಗಿ ಮೊದಲಿನಂತಾಗುತ್ತವೆ. ಹಾಗೆಯೇ ಬಿಟ್ಟರೆ ಸಣ್ಣ ಹರಳುಗಳು ಕೂಡಿ ದೊಡ್ಡವಾಗಿ, ಗಟ್ಟಿಯಾಗಿ ಫಲಕವನ್ನು ಮುಚ್ಚುತ್ತವೆ. ಆಮೇಲೆ ಎಷ್ಟು ಚಾರ್ಜು ಕೊಟ್ಟರೂ ಬಹುಭಾಗ ಕರಗುವುದಿಲ್ಲ. ಹತ್ತು ತಿಂಗಳು ಬೀರುವಿನ ಮೇಲೆ ಕುಳಿತ ಲ್ಯಾಂಪು ಬರಿದಾದದ್ದು ಮೊದಲ ಕೆಲವು ತಿಂಗಳಲ್ಲಿ ಇರಬೇಕು. ಸತ್ತದ್ದು ಉಳಿದ ತಿಂಗಳಲ್ಲಿ. ನಡುವೆ ಮೂರು ಸಲ ಚಾರ್ಜಿಗೆ ಹಾಕಿದ್ದರೆ ಪರೀಕ್ಷೆಯ ರಾತ್ರಿ ಅದು ಬೆಳಗುತ್ತಿತ್ತು.

ಲಿಥಿಯಂ ಬ್ಯಾಟರಿಯದು ಇನ್ನೊಂದು ಸ್ವಭಾವ. ತೀರ ಬರಿದಾಗಿ ಬಹುಕಾಲ ಇದ್ದರೆ ಅದರ ಋಣ ಫಲಕಕ್ಕೆ ಆಧಾರವಾದ ತಾಮ್ರದ ಹಾಳೆಯೇ ಕರಗತೊಡಗುತ್ತದೆ. ಅಂಥ ಕೋಶವನ್ನು ಮತ್ತೆ ಚಾರ್ಜು ಮಾಡುವುದು ಅಪಾಯ. ಪೂರ್ತಿ ತುಂಬಿಸಿ ಸೆಕೆಯಲ್ಲಿ ಇಟ್ಟರೂ ಒಳಿತಲ್ಲ. ಫಲಕದ ಮೇಲಿನ ಕೆನೆ ಬೇಗ ದಪ್ಪವಾಗುತ್ತದೆ. ಆದ್ದರಿಂದ ಇದಕ್ಕೆ ಅರ್ಧ ಹೊಟ್ಟೆಯ ನಿದ್ದೆಯೇ ಹಿತ.

ಎತ್ತಿಡುವ ಮೊದಲು

ಸೀಸದ ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿಯೇ ಎತ್ತಿಡಬೇಕು. ಲ್ಯಾಂಪು, ಸೊಳ್ಳೆ ಬ್ಯಾಟುಗಳನ್ನು ಎರಡು ತಿಂಗಳಿಗೊಮ್ಮೆಯಾದರೂ ಚಾರ್ಜಿಗೆ ಹಾಕಬೇಕು. ಕಾರಿನ 12 ವೋಲ್ಟ್ ಬ್ಯಾಟರಿ ಚಾರ್ಜಾಗಿ ಕೆಲವು ಗಂಟೆ ವಿರಮಿಸಿದ ಮೇಲೆ 12.6-12.7 ವೋಲ್ಟ್ ತೋರಿದರೆ ತುಂಬಿದೆ ಎಂದರ್ಥ, 12.4ಕ್ಕೆ ಇಳಿದರೆ ಚಾರ್ಜಿನ ಹೊತ್ತು ಬಂತು. ಕಾರಿನಲ್ಲಿ ಗಡಿಯಾರ, ಕಳ್ಳರ ಎಚ್ಚರಿಕೆ ಗಂಟೆ ಮುಂತಾದವು ಕೀಲಿ ತೆಗೆದ ಮೇಲೂ ವಿದ್ಯುತ್ತು ಕುಡಿಯುತ್ತಿರುತ್ತವೆ. ಇದು ಸ್ವಯಂ ವಿಸರ್ಜನೆಯಲ್ಲ, ಆದರೆ ಅನೇಕ ವೇಳೆ ಅದಕ್ಕಿಂತ ದೊಡ್ಡ ಸೋರಿಕೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಋಣ ಧ್ರುವದ ತಂತಿಯನ್ನು ಕಳಚಿಡುವುದು ಜಾಣತನ.

ಬ್ಯಾಟರಿಯನ್ನು ಬರಿ ನೆಲದ ಮೇಲೆ ಇಟ್ಟರೆ ಚಾರ್ಜು ಭೂಮಿಗೆ ಇಳಿಯುತ್ತದೆ ಎಂಬ ನಂಬಿಕೆ ಹಲವೆಡೆ ಇದೆ. ಮರದ ಪೆಟ್ಟಿಗೆಯ ಬ್ಯಾಟರಿಗಳ ಕಾಲದಲ್ಲಿ ತೇವದ ನೆಲ ತೊಂದರೆ ಕೊಡುತ್ತಿತ್ತು. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಆ ಭಯವಿಲ್ಲ. ಆದರೆ ಮೇಲ್ಭಾಗದಲ್ಲಿ ಆಮ್ಲದ ತೇವ ಮತ್ತು ಧೂಳು ಸೇರಿದರೆ ಎರಡು ಧ್ರುವಗಳ ನಡುವೆ ನಿಜವಾದ ಕಳ್ಳದಾರಿ ಏರ್ಪಡುತ್ತದೆ. ಅದನ್ನು ದೊಡ್ಡವರು ಕೈಗೆ ಗವಸು ತೊಟ್ಟು ಒದ್ದೆ ಬಟ್ಟೆಯಿಂದ ಒರೆಸಬೇಕು.

ಬಳಸದ ಮೊಬೈಲನ್ನು ಅರ್ಧದಷ್ಟು ಚಾರ್ಜಿನಲ್ಲಿ ಆರಿಸಿ, ತಂಪಾದ ಒಣ ಜಾಗದಲ್ಲಿಟ್ಟು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಉಬ್ಬಿದ ಬ್ಯಾಟರಿಯನ್ನು ಚುಚ್ಚಿ ನೋಡುವ ಕುತೂಹಲ ಯಾರಿಗೂ ಬೇಡ. ಇನ್ನು ಗೋಡೆ ಗಡಿಯಾರಕ್ಕೆ ಚಾರ್ಜಬಲ್ ಸೆಲ್ಲು ಹಾಕುವುದು ದಂಡ. ಅದು ಕುಡಿಯುವುದು ಅತ್ಯಲ್ಪ. ಹಳೆಯ ಬಗೆಯ ಸೆಲ್ಲಾದರೆ ಗಡಿಯಾರಕ್ಕಿಂತ ಸೋರಿಕೆಯೇ ಹೆಚ್ಚು ಉಣ್ಣುತ್ತದೆ. ಅಲ್ಲಿಗೆ ಸಾಮಾನ್ಯ ಸೆಲ್ಲೇ ತಕ್ಕದ್ದು.

ವಿದ್ಯಾರ್ಥಿಗಳು ಸೋರಿಕೆಯನ್ನು ತಾವೇ ಅಳೆಯಬಹುದು. ಎರಡು ನಿಕಲ್-ಲೋಹ ಹೈಡ್ರೈಡ್ ಪೆನ್ಸಿಲ್ ಸೆಲ್ಲುಗಳನ್ನು ಪೂರ್ತಿ ಚಾರ್ಜು ಮಾಡಿ, ಕೂಡಲೇ ಒಂದು ಸಣ್ಣ ಟಾರ್ಚಿಗೆ ಹಾಕಿ, ಬೆಳಕು ಸ್ಪಷ್ಟವಾಗಿ ಮಂಕಾಗುವವರೆಗಿನ ಹೊತ್ತನ್ನು ಬರೆದುಕೊಳ್ಳಬೇಕು. ಮಂಕಾದೊಡನೆ ಆರಿಸಬೇಕು, ತೀರ ಹಿಂಡಿದರೆ ಸೆಲ್ಲು ಕೆಡುತ್ತದೆ. ಅವೇ ಸೆಲ್ಲುಗಳನ್ನು ಮತ್ತೆ ತುಂಬಿ, ಹೊರತೆಗೆದು 30 ದಿನ ಮನೆಯ ತಂಪಾದ ಮೂಲೆಯಲ್ಲಿಟ್ಟು, ಅದೇ ಟಾರ್ಚಿನಲ್ಲಿ ಹೊತ್ತನ್ನು ಅಳೆಯಬೇಕು. ಮೊದಲು 200 ನಿಮಿಷ, ಎರಡನೆಯ ಸಲ 160 ನಿಮಿಷ ಬಂದರೆ ಸೋರಿಕೆ ಶೇಕಡ 20. ಮೂರನೆಯ ಸಲ ಅಟ್ಟದ ಸೆಕೆಯಲ್ಲಿ 30 ದಿನ ಇಟ್ಟು ನೋಡಿದರೆ ಬಿಸಿಲಿನ ಲೆಕ್ಕ ಕಣ್ಣಿಗೇ ಕಾಣುತ್ತದೆ. ಪ್ರತಿ ಸಲವೂ ಬರೆದಿಟ್ಟುಕೊಂಡರೆ ವಿಜ್ಞಾನ ಪ್ರದರ್ಶನಕ್ಕೆ ಒಂದು ಒಳ್ಳೆಯ ಪಟ್ಟಿ ಸಿದ್ಧವಾಗುತ್ತದೆ.

ಲ್ಯಾಂಪಿಗೆ ಹೊಸ ಬ್ಯಾಟರಿ ಬಂತು. ಈ ಸಲ ಅದು ಬೀರುವಿನ ಮೇಲೆ ಹೋಗಲಿಲ್ಲ. ಪ್ಲಗ್ಗಿನ ಪಕ್ಕದ ಗೂಡಿನಲ್ಲಿ ಕುಳಿತಿತು. ಗೋಡೆಯ ಪಂಚಾಂಗದಲ್ಲಿ ಪ್ರತಿ ಅಮಾವಾಸ್ಯೆಯ ಚೌಕದಲ್ಲೂ ಹುಡುಗಿ ಕೆಂಪು ಮಸಿಯಿಂದ 'ಲ್ಯಾಂಪು' ಎಂದು ಬರೆದಿದ್ದಾಳೆ. ತಿಂಗಳಿಗೊಮ್ಮೆ ನೆನಪಿಸುವ ಹೊಣೆ ಅಜ್ಜಿಯದು.